ಕೊಡಗಿಗೊಂದು ಉಪಗ್ರಹ ಚಿತ್ರ ಪೆಟ್ಟಿಗೆ: ಕಟ್ಟಿದ ಬಗೆ, ಕೆಟ್ಟ ಬಗೆ

ಪೆಟ್ಟಿಗೆ ಎಂದರೆ ಬ್ಯಾಟರಿಯ ಮೇಲೂ ಓಡುವ ಒಂದು ಸಣ್ಣ ಕಂಪ್ಯೂಟರ್. ಅದರ ಕೆಲಸ ಇಷ್ಟು. ಕೊಡಗಿನ ಮೇಲೆ ಹಾದುಹೋಗುವ ಯುರೋಪಿನ ಸೆಂಟಿನೆಲ್-1 (ರೇಡಾರ್), ಸೆಂಟಿನೆಲ್-2 (ಬೆಳಕಿನ ಚಿತ್ರ) ಉಪಗ್ರಹಗಳ ಮಾಹಿತಿಯನ್ನು ತಾನಾಗಿ ತರಬೇಕು. ಜಿಲ್ಲೆಯ ಅಳತೆಗೆ ಕತ್ತರಿಸಿ, ಬರೆ (ಗುಡ್ಡದ ಇಳಿಜಾರು) ಕುಸಿದ ಜಾಗ ಮತ್ತು ನೆರೆನೀರು ನಿಂತ ಜಾಗ ಗುರುತಿಸಬೇಕು. ಆಮೇಲೆ ಸಿಗ್ನಲ್ ಒಂದೇ ಕಡ್ಡಿ ಇರುವ ಮೊಬೈಲಿಗೂ ಇಳಿಯುವಷ್ಟು ಸಣ್ಣ ಕಡತ ಮಾಡಿ ಹಂಚಬೇಕು.

ಎಲ್ಲಕ್ಕಿಂತ ಮೊದಲು ಒಂದು ತೀರ್ಮಾನ ಮಾಡಿಕೊಳ್ಳಬೇಕು: ನಕ್ಷೆಯಲ್ಲಿ ಎರಡಲ್ಲ, ಮೂರು ಬಣ್ಣ ಇರಬೇಕು. ಬದಲಾಗಿದೆ, ಬದಲಾಗಿಲ್ಲ, ಕಂಡಿಲ್ಲ. ಮಳೆಗಾಲದ ಕೊಡಗಿನಲ್ಲಿ ಮೂರನೆಯದೇ ಹೆಚ್ಚು. ಮೋಡ ಮುಚ್ಚಿದ ಗುಡ್ಡವನ್ನು ಬಣ್ಣವಿಲ್ಲದೆ ಬಿಟ್ಟರೆ ನೋಡಿದವರು ಅಲ್ಲಿ ಏನೂ ಆಗಿಲ್ಲ ಎಂದು ಓದುತ್ತಾರೆ. ಆ ತಪ್ಪು ಓದಿಗೆ ಎಡೆಗೊಡದಂತೆ ಮಾಡುವುದಕ್ಕೇ ಮುಂದಿನ ಹಂತಗಳಲ್ಲಿ ಅರ್ಧ ಶ್ರಮ ಹೋಗುತ್ತದೆ.

ಯಂತ್ರ ಮತ್ತು ಕರೆಂಟು

ಇಂಟೆಲ್ ಎನ್100 ಪ್ರೊಸೆಸರಿನ ಮಿನಿ ಪಿಸಿ, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಹಳೆಯ ಚಿತ್ರಗಳಿಗೆ 1 ಟಿಬಿ ಹಾರ್ಡ್‌ಡಿಸ್ಕ್. 8 ಜಿಬಿಯ ರಾಸ್ಪ್‌ಬೆರಿ ಪೈ ಸೆಂಟಿನೆಲ್-2ರ ಕೆಲಸಕ್ಕೆ ಸಾಕು, ರೇಡಾರ್ ಸಂಸ್ಕರಣೆಗೆ ಸಾಲದು. ಮೆಮೊರಿ ಕಾರ್ಡಿನಿಂದ ಓಡಿಸುವುದಂತೂ ಬೇಡ. ಬರೆಯುತ್ತಿರುವಾಗ ಕರೆಂಟ್ ಹೋದರೆ ಮೊದಲು ಸಾಯುವುದು ಕಾರ್ಡೇ.

12 ವೋಲ್ಟಿನಲ್ಲಿ ಓಡುವ ಮಿನಿ ಪಿಸಿಯನ್ನೇ ಆಯ್ದುಕೊಂಡರೆ ಇನ್ವರ್ಟರ್ ಬೇಕಿಲ್ಲ, ಬ್ಯಾಟರಿಯಿಂದ ನೇರ ಕೊಡಬಹುದು. ಆದರೆ ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ 14.4 ವೋಲ್ಟಿನವರೆಗೆ ಏರುತ್ತದೆ, ಇಳಿದಾಗ 11.5ಕ್ಕೆ ಬರುತ್ತದೆ. ನಡುವೆ 12 ವೋಲ್ಟ್, 5 ಆಂಪಿಯರಿನ ಬಕ್-ಬೂಸ್ಟ್ ರೆಗ್ಯುಲೇಟರ್ (ವೋಲ್ಟೇಜ್ ಹೆಚ್ಚಿದರೆ ಇಳಿಸುವ, ಕಡಿಮೆಯಾದರೆ ಏರಿಸುವ ಸಾಧನ) ಇರಲೇಬೇಕು. ಇಳಿಸುವುದಷ್ಟೇ ಗೊತ್ತಿರುವ ಬರೀ ಬಕ್ ರೆಗ್ಯುಲೇಟರ್ ಹಾಕಿದರೆ ಬ್ಯಾಟರಿ 12ರ ಕೆಳಗೆ ಇಳಿದಾಗ ಪಿಸಿ ಆರುತ್ತದೆ. 100 ಆಂಪಿಯರ್-ಅವರ್ ಬ್ಯಾಟರಿಯನ್ನು ಅರ್ಧದವರೆಗೆ ಬಳಸಿದರೆ ಸಿಗುವುದು 600 ವ್ಯಾಟ್-ಅವರ್. ಪಿಸಿ, ರೌಟರ್ ಸೇರಿ 20 ವ್ಯಾಟ್ ಎಂದರೆ ಲೆಕ್ಕದಲ್ಲಿ 30 ಗಂಟೆ, ನಷ್ಟ ಕಳೆದರೆ 25. ಆಗಸ್ಟಿನಲ್ಲಿ ಮರ ಬಿದ್ದು ಲೈನ್ ಹೋದರೆ ಇಷ್ಟೂ ಬೇಕಾಗುತ್ತದೆ.

ಗುಡುಗಿನ ಕಾಲಕ್ಕೆ ಇನ್ನೊಂದು ಎಚ್ಚರ. ಹೊರಗಿನಿಂದ ತಾಮ್ರದ ತಂತಿಯಲ್ಲಿ ಇಂಟರ್ನೆಟ್ ಬರುತ್ತಿದ್ದರೆ ರೌಟರಿಂದ ಪಿಸಿಗೆ ಲ್ಯಾನ್ ಕೇಬಲ್ ಎಳೆಯಬಾರದು, ವೈಫೈಯಲ್ಲೇ ಜೋಡಿಸಬೇಕು. ಸಿಡಿಲಿನ ಹೊಡೆತ ರೌಟರಿನಲ್ಲೇ ನಿಲ್ಲಲಿ.

ಯಾವ ಚೌಕ, ಎಷ್ಟು ಮಾಹಿತಿ

ಸೆಂಟಿನೆಲ್-2ರ ಚಿತ್ರಗಳು ಸುಮಾರು 110 ಕಿ.ಮೀ. ಬದಿಯ ಚೌಕಗಳಾಗಿ ಬರುತ್ತವೆ. ಕೊಡಗು ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ನಕ್ಷಾ ಪದ್ಧತಿ) 43ನೇ ವಲಯದ ಉತ್ತರ ಭಾಗದಲ್ಲಿದೆ, ಇಪಿಎಸ್‌ಜಿ ಸಂಖ್ಯೆ (ತಂತ್ರಾಂಶಗಳಿಗೆ ಆ ಪದ್ಧತಿಯ ಗುರುತು) 32643. ಮಡಿಕೇರಿ, ವಿರಾಜಪೇಟೆ, ಭಾಗಮಂಡಲ, ಕುಶಾಲನಗರ ನಾಲ್ಕೂ 43ಪಿಇಪಿ ಚೌಕದಲ್ಲಿ ಸಿಗುತ್ತವೆ. ಶನಿವಾರಸಂತೆ, ಕೊಡ್ಲಿಪೇಟೆಯ ಕಡೆಗೆ 43ಪಿಇಕ್ಯೂ ಬೇಕು, ನಾಗರಹೊಳೆಯ ಮೂಡಣ ಅಂಚಿಗೆ 43ಪಿಎಫ್‌ಪಿ. ಮೂರೂ ಒಂದೇ ವಲಯದವು, ಹಾಗಾಗಿ ಕೊನೆಯ ಹಂತದವರೆಗೆ ಮರುಪ್ರಕ್ಷೇಪ (ಬೇರೆ ನಕ್ಷಾ ಪದ್ಧತಿಗೆ ತಿರುಗಿಸುವುದು) ಮಾಡುವ ಅಗತ್ಯವೇ ಇಲ್ಲ. ಮಾಡಲೂಬಾರದು. ವೆಬ್ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್ ಪದ್ಧತಿಯಲ್ಲಿ ವಿಸ್ತೀರ್ಣ ಅಳೆದರೆ ನಮ್ಮ ಅಕ್ಷಾಂಶದಲ್ಲಿ ಎಲ್ಲವೂ ಸುಮಾರು ಶೇ. 5ರಷ್ಟು ದೊಡ್ಡದಾಗಿ ಕಾಣುತ್ತದೆ. ಕುಸಿತದ ವಿಸ್ತೀರ್ಣವನ್ನು 32643ರಲ್ಲೇ ಅಳೆದು, ಆಮೇಲೆ ನಕ್ಷೆಯನ್ನು ವೆಬ್ಬಿಗೆ ತಿರುಗಿಸಬೇಕು.

ಒಂದು ಚೌಕದ ಪೂರ್ಣ ಕಡತ ಸುಮಾರು 1 ಜಿಬಿ. ಸೆಕೆಂಡಿಗೆ 2 ಮೆಗಾಬಿಟ್ ಲೈನಿನಲ್ಲಿ ಅದೊಂದಕ್ಕೇ ಒಂದು ಗಂಟೆಯ ಮೇಲೆ ಬೇಕು. ನಮಗೆ ಬೇಕಾದದ್ದು ಕೆಂಪು ಬ್ಯಾಂಡ್ (ಒಂದು ಬಣ್ಣದ ಬೆಳಕಿನ ಪದರ), ಅವಕೆಂಪಿನ 8ನೇ ಬ್ಯಾಂಡ್ ಮತ್ತು ದೃಶ್ಯ ವರ್ಗೀಕರಣದ ಪದರ (ಪ್ರತಿ ಪಿಕ್ಸೆಲ್ ಮೋಡವೋ ನೀರೋ ಗಿಡವೋ ಎಂದು ಸಂಖ್ಯೆಯಲ್ಲಿ ಹೇಳುವುದು), ಈ ಮೂರೇ. ಆದ್ದರಿಂದ ಬೇಕಾದ ತುಣುಕನ್ನಷ್ಟೇ ಓದಲಾಗುವ ಕ್ಲೌಡ್ ಆಪ್ಟಿಮೈಸ್ಡ್ ಜಿಯೊಟಿಫ್ ರೂಪದಲ್ಲಿ ಇಟ್ಟಿರುವ ಸಂಗ್ರಹದಿಂದ ಸ್ಟ್ಯಾಕ್ ಎಂಬ ಚಿತ್ರಸೂಚಿಯ ಮೂಲಕ ಹುಡುಕಿ, ಜಿಲ್ಲೆಯ ಚೌಕಟ್ಟಿನಷ್ಟನ್ನೇ ಕತ್ತರಿಸಿ ತರಬೇಕು. ಮೂಲ ಕಡತಗಳ ಜೆಪೆಗ್ 2000 ರೂಪದಿಂದ ದೂರದಲ್ಲಿ ಕೂತು ತುಣುಕು ಓದುವುದು ತೀರಾ ನಿಧಾನ. ಮೂಲ ಕಡತವೇ ಬೇಕಾದಾಗ ಸೆಂಟಿನೆಲ್ ಮಾಹಿತಿಯ ಅಧಿಕೃತ ಜಾಲತಾಣವಾದ ಕೋಪರ್ನಿಕಸ್ ಡೇಟಾ ಸ್ಪೇಸಿನಲ್ಲಿ ಉಚಿತ ಖಾತೆ ತೆರೆದು ಎಸ್3 ಕೀಲಿ (ಕಡತ ಇಳಿಸಿಕೊಳ್ಳಲು ಗುಪ್ತಪದದಂಥದ್ದು) ಪಡೆಯುವುದು ಒಳ್ಳೆಯದು. ವೆಬ್ ಟೋಕನ್ನಿನ ಆಯುಷ್ಯ ಕಡಿಮೆ, ನಿಧಾನ ಲೈನಿನಲ್ಲಿ ಇಳಿಕೆ ತುಂಡಾದರೆ ಮುಂದುವರಿಸುವ ಹೊತ್ತಿಗೆ ಅವಧಿ ಮುಗಿದಿರುತ್ತದೆ.

ಇಂಥ ಚಿತ್ರ ಕಡತಗಳನ್ನು ಓದುವ ಜಿಡಾಲ್ ತಂತ್ರಾಂಶದಲ್ಲಿ ಎರಡು ಹೊಂದಿಕೆ ಮರೆಯಬಾರದು. ಕಡತ ತೆರೆಯುವಾಗ ಇಡೀ ಫೋಲ್ಡರ್ ಪಟ್ಟಿ ಕೇಳುವುದನ್ನು ನಿಲ್ಲಿಸಬೇಕು. ಸೋತ ವಿನಂತಿಗೆ ಮರುಪ್ರಯತ್ನದ ಸಂಖ್ಯೆ ಮೂಲತಃ 0 ಇರುತ್ತದೆ, ಅದನ್ನು 5 ಮಾಡಬೇಕು. ತುಣುಕನ್ನು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ಣವಾದ ಮೇಲಷ್ಟೇ ನಿಜವಾದ ಹೆಸರು ಕೊಡಬೇಕು. ಇಲ್ಲದಿದ್ದರೆ ಕರೆಂಟ್ ಹೋದಾಗ ಅರ್ಧಕ್ಕೆ ನಿಂತ ಕಡತವನ್ನು ಮುಂದಿನ ಹಂತ ಪೂರ್ಣ ಎಂದು ನಂಬುತ್ತದೆ.

ಜಿಲ್ಲೆಯ ವಿಸ್ತೀರ್ಣ 4,102 ಚ.ಕಿ.ಮೀ. 10 ಮೀಟರ್ ಕಣದಲ್ಲಿ ಅದು 4.1 ಕೋಟಿ ಪಿಕ್ಸೆಲ್, ಸುತ್ತಲಿನ ಆಯತ ಸೇರಿದರೆ ಸುಮಾರು 9.2 ಕೋಟಿ. ದಶಮಾಂಶ ಸಂಖ್ಯೆಯಾಗಿ ತೆರೆದರೆ ಒಂದು ಬ್ಯಾಂಡಿಗೆ 370 ಎಂಬಿ ರ‍್ಯಾಮ್. ಎರಡು ದಿನಾಂಕ, ಎರಡೆರಡು ಬ್ಯಾಂಡ್, ಮುಸುಕು, ಉತ್ತರ ಎಲ್ಲ ಸೇರಿದರೆ 2 ಜಿಬಿ ದಾಟುತ್ತದೆ. 2048 ಪಿಕ್ಸೆಲ್ ಬದಿಯ ಕಿಟಕಿಗಳಲ್ಲಿ ಓಡಿಸಿದರೆ ತೊಂದರೆಯಿಲ್ಲ.

ಒಂದು ಸಾವಿರದ ಲೆಕ್ಕ

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಪ್ಪು ನಕ್ಷೆ ಹುಟ್ಟುವುದು ಇಲ್ಲಿಂದ, ಹಾಗಾಗಿ ಸ್ವಲ್ಪ ನಿಂತು ನೋಡಬೇಕು.

2022ರ ಜನವರಿ 25ರಿಂದ, ಅಂದರೆ ಸಂಸ್ಕರಣಾ ಆವೃತ್ತಿ 04.00ರಿಂದ, ಸೆಂಟಿನೆಲ್-2ರ ಪ್ರತಿ ಪಿಕ್ಸೆಲಿಗೆ 1000 ಕೂಡಿಸಿ ಕೊಡಲಾಗುತ್ತಿದೆ. ಬಳಸುವವರು ಅದನ್ನು ಕಳೆದು, ಆಮೇಲೆ 10,000ದಿಂದ ಭಾಗಿಸಬೇಕು. ಕಳೆಯದಿದ್ದರೆ ಏನಾಗುತ್ತದೆ? ಕಡತದಲ್ಲಿ ಅವಕೆಂಪು 3500, ಕೆಂಪು 1400 ಇದೆ ಎನ್ನಿ. ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಹಸಿರಿನ ಅಳತೆ, ಎನ್‌ಡಿವಿಐ, ಸಿಗುತ್ತದೆ. ಹಾಗೆಯೇ ಲೆಕ್ಕ ಹಾಕಿದರೆ ಎನ್‌ಡಿವಿಐ 0.43. ಕಳೆದು ಹಾಕಿದರೆ 2500 ಮತ್ತು 400, ಎನ್‌ಡಿವಿಐ 0.72. ದಟ್ಟ ಏಲಕ್ಕಿ ಮಲೆ ಕಾಗದದ ಮೇಲೆ ಕುರುಚಲಾಗಿಬಿಡುತ್ತದೆ. ಹಳೆಯ ಚಿತ್ರವನ್ನು ಸರಿಯಾಗಿ, ಹೊಸದನ್ನು ತಪ್ಪಾಗಿ ಓದಿ ಹೋಲಿಸಿದರೆ ಇಡೀ ಜಿಲ್ಲೆಯೇ ಕುಸಿದಂತೆ ಕಾಣುತ್ತದೆ.

ದಿನಾಂಕ ನೋಡಿ ಕಳೆಯುವ ಸೂತ್ರ ಬರೆಯುವುದು ಸಹಜ ಯೋಚನೆ. ಅದೂ ತಪ್ಪು. 2018ರ ಚಿತ್ರಗಳನ್ನು ಆಮೇಲೆ 05.00 ಆವೃತ್ತಿಯಲ್ಲಿ ಮರುಸಂಸ್ಕರಿಸಿ ಕೊಟ್ಟಿದ್ದಾರೆ, ಅವಕ್ಕೂ 1000 ಸೇರಿದೆ. ಕಡತದ ಹೆಸರಿನಲ್ಲಿರುವ ಎನ್0500 ತರಹದ ಸಂಖ್ಯೆಯನ್ನು ಓದಬೇಕು, ದಿನಾಂಕವನ್ನಲ್ಲ. ಮೂರನೆಯ ತೊಡಕೂ ಇದೆ: ಕೆಲವು ಸಂಗ್ರಹಗಳವರು ಕಳೆದೇ ಇಟ್ಟಿರುತ್ತಾರೆ. ಸೂಚಿಯಲ್ಲಿ ಅದನ್ನು ಹೇಳುವ ಗುರುತು ಇರುತ್ತದೆ, ನೋಡದೆ ಮತ್ತೆ ಕಳೆದರೆ ಎರಡು ಸಲ ಕಳೆದಂತಾಗುತ್ತದೆ. ಪ್ರತಿ ಹೊಸ ಚಿತ್ರದಲ್ಲೂ ಬ್ರಹ್ಮಗಿರಿ ಕಡೆಯ ನಿತ್ಯಹರಿದ್ವರ್ಣ ಕಾಡಿನ ಒಂದೇ ತುಂಡಿನ ಕೆಂಪು ಬ್ಯಾಂಡನ್ನು ಅಳೆದು ಬರೆದಿಟ್ಟರೆ ಕೂಡಲೇ ಗೊತ್ತಾಗುತ್ತದೆ. ಮೋಡವಿಲ್ಲದ ದಿನ ಆ ಸಂಖ್ಯೆ ಕೆಲವು ನೂರರ ಆಸುಪಾಸಿನಲ್ಲಿರಬೇಕು. ಸಾವಿರ ದಾಟಿದರೂ ಸೊನ್ನೆಗಿಂತ ಕೆಳಗಿಳಿದರೂ ಮುಂದಿನ ಹಂತಗಳ ಇಡೀ ಸರಪಳಿ ನಿಲ್ಲಬೇಕು.

ಕಳೆಯುವ ಮೊದಲು ಸಂಖ್ಯೆಯ ಬಗೆ ಬದಲಿಸಬೇಕು. ಕಡತದಲ್ಲಿರುವುದು ಋಣ ಚಿಹ್ನೆಯಿಲ್ಲದ 16 ಬಿಟ್ ಸಂಖ್ಯೆ. 980ರಿಂದ 1000 ಕಳೆದರೆ -20 ಬರದೆ 65,516 ಬರುತ್ತದೆ. ಹಾರಂಗಿಯ ಕಪ್ಪು ನೀರಿನಲ್ಲಿ ಬಿಳಿ ಚುಕ್ಕಿಗಳು ಎದ್ದರೆ ಕಾರಣ ಇದೇ. 0 ಮಾತ್ರ ಮಾಹಿತಿ ಇಲ್ಲ ಎಂಬ ಗುರುತು, ಅದನ್ನು ಮೊದಲೇ ಬೇರ್ಪಡಿಸಿ ಇಡಬೇಕು.

ಮೋಡದ ಮುಸುಕು

ವರ್ಗೀಕರಣದ ಪದರ 20 ಮೀಟರಿನದು. ಅದರಲ್ಲಿ 3 ಮೋಡದ ನೆರಳು, 8 ಮತ್ತು 9 ಮೋಡ, 10 ತೆಳು ಸಿರಸ್. ಇವನ್ನೆಲ್ಲ ಮುಚ್ಚುವ ಪದರವೇ ಮುಸುಕು, ಅದರಡಿ ಬಂದದ್ದನ್ನು ಕಂಡಿಲ್ಲ ಬಣ್ಣಕ್ಕೆ ಹಾಕಬೇಕು. 10 ಮೀಟರಿಗೆ ತರುವಾಗ ಹತ್ತಿರದ ಪಿಕ್ಸೆಲ್ ವಿಧಾನವನ್ನೇ ಬಳಸಬೇಕು. ಸರಾಸರಿ ತೆಗೆಯುವ ವಿಧಾನ ಕೊಟ್ಟರೆ ಗಿಡ-ಮರದ 4, ಮೋಡದ 8 ಸೇರಿ 6 ಆಗುತ್ತದೆ. 6 ಎಂದರೆ ನೀರು. ಕಾಡಿನ ಮೇಲಿನ ಪ್ರತಿ ಮೋಡಕ್ಕೂ ನೀರಿನ ಉಂಗುರ ಕಟ್ಟಿಕೊಂಡ ನಕ್ಷೆ ಬಂದರೆ ಇಲ್ಲಿ ನೋಡಿ.

ಉಪಗ್ರಹ ಹಾದುಹೋಗುವುದು ಸ್ಥಳೀಯ ಸೌರಕಾಲ ಬೆಳಿಗ್ಗೆ ಹತ್ತೂವರೆಗೆ. ಕಣಿವೆಯ ಮಂಜು ಆಗ ಪೂರ್ತಿ ಕರಗಿರುವುದಿಲ್ಲ, ಅಂಚಿನಲ್ಲಿ ತೆಳುವಾಗಿ ಉಳಿದದ್ದು ಮುಸುಕಿಗೆ ಸಿಗುವುದಿಲ್ಲ. ಮುಸುಕನ್ನು ಎಲ್ಲ ಕಡೆಗೂ 100ರಿಂದ 200 ಮೀಟರ್ ಹಿಗ್ಗಿಸಬೇಕು. ಇದಕ್ಕೆ ಬೆಲೆಯೂ ಇದೆ. ಶೀಟ್ ಹೊದಿಸಿದ ಚಾವಣಿ, ಸಿಮೆಂಟಿನ ಕಾಫಿ ಕಣ, ಆಗಷ್ಟೇ ತೆರೆದುಕೊಂಡ ಮಣ್ಣು ಇಂಥ ಹೊಳೆಯುವ ಜಾಗಗಳು ಕೆಲವೊಮ್ಮೆ ಮೋಡವೆಂದು ಗುರುತಾಗುತ್ತವೆ, ಹಿಗ್ಗಿಸಿದಾಗ ಅವುಗಳ ಸುತ್ತಲೂ ಕಾಣದಾಗುತ್ತದೆ. ಮೂರು ನಾಲ್ಕು ದಿನಾಂಕಗಳಲ್ಲೂ ಅದೇ ಜಾಗದಲ್ಲಿ ಕೂತಿರುವ ಮೋಡ ಮೋಡವಲ್ಲ. ಅಂಥ ಪಿಕ್ಸೆಲ್‌ಗಳ ಸ್ಥಿರ ಪಟ್ಟಿ ಮಾಡಿ ಮುಸುಕಿನಿಂದ ತೆಗೆಯಬಹುದು.

ಬರೆ ಕುಸಿತದ ಗುರುತು

ವಿಧಾನ ಸರಳ: ಮೊದಲಿನ ಎನ್‌ಡಿವಿಐಯಿಂದ ಈಚಿನದನ್ನು ಕಳೆದು, 0.2ಕ್ಕಿಂತ ಹೆಚ್ಚು ಇಳಿದಿರುವ, ಇಳಿಜಾರು 12 ಡಿಗ್ರಿಗಿಂತ ಹೆಚ್ಚಿರುವ, ಕನಿಷ್ಠ 10 ಪಿಕ್ಸೆಲ್ (1,000 ಚದರ ಮೀಟರ್) ಇರುವ ತುಂಡುಗಳನ್ನು ಉಳಿಸಿಕೊಳ್ಳುವುದು. ಇಳಿಜಾರಿಗೆ ಕೋಪರ್ನಿಕಸ್ಸಿನ 30 ಮೀಟರ್ ಎತ್ತರ ಮಾದರಿ ಸಾಕು. ಅದು ಅಳೆಯುವುದು ನೆಲವನ್ನಲ್ಲ, ಮರದ ನೆತ್ತಿಯನ್ನು. ನೆರಳುಮರದ ತೋಟಗಳಲ್ಲಿ ಇಳಿಜಾರು ಒರಟಾಗಿ ಬರುತ್ತದೆ, ಮೊದಲು 3×3 ಸರಾಸರಿಯಿಂದ ನಯಗೊಳಿಸಬೇಕು.

ಹೋಲಿಕೆ ಒಂದೇ ಋತುವಿನ ನಡುವೆ ಇರಲಿ. ಡಿಸೆಂಬರಿಗೆ ಹಿಂದಿನ ಡಿಸೆಂಬರ್. ಅಕ್ಟೋಬರನ್ನು ಮಾರ್ಚಿನ ಜೊತೆ ಹೋಲಿಸಿದರೆ ಎಲೆ ಉದುರುವ ಮೂಡಣ ಕಾಡುಗಳೇ ಉತ್ತರವನ್ನು ನುಂಗಿಹಾಕುತ್ತವೆ.

ಆಮೇಲೆ ಉಳಿಯುವ ಸುಳ್ಳು ಗುರುತುಗಳು ಬಹುಪಾಲು ತೋಟದ ಕೆಲಸದವು. ಮಳೆಗೆ ಮೊದಲು ಮರಗಸಿ (ನೆರಳುಮರದ ಕೊಂಬೆ ಕಡಿಯುವುದು) ಮಾಡಿದ ತೋಟ, ಸಿಲ್ವರ್ ಓಕ್ ಕಡಿದ ಸಾಲು, ಹಳೆಯ ಕಾಫಿ ಕಿತ್ತು ಹೊಸ ಗಿಡ ನೆಟ್ಟ ತುಂಡು, ರಸ್ತೆ ಅಗಲಿಸಿದ ಅಂಚು, ಮನೆಗೆಂದು ಬರೆ ಕಡಿದು ಮಾಡಿದ ಮಟ್ಟಸ. ಆಕಾರ ನೋಡಿದರೆ ಬೇರ್ಪಡಿಸಬಹುದು. ಕುಸಿತ ಇಳಿಜಾರಿನ ದಿಕ್ಕಿಗೆ ಉದ್ದವಾಗಿ, ತುದಿಯಲ್ಲಿ ಕೊಲ್ಲಿಯನ್ನು (ಕಿರುತೊರೆಯನ್ನು) ಸೇರುವಂತೆ ಚಾಚಿಕೊಂಡಿರುತ್ತದೆ. ತೋಟದ ಕೆಲಸಕ್ಕೆ ಬೇಲಿಯ ಅಂಚು, ನೇರ ಗೆರೆ ಇರುತ್ತದೆ. ಪ್ರತಿ ತುಂಡಿನ ಉದ್ದನೆಯ ಅಕ್ಷಕ್ಕೂ ಆ ಜಾಗದ ಇಳಿಜಾರಿನ ದಿಕ್ಕಿಗೂ 30 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅದನ್ನು ಸಂಶಯದ ಪಟ್ಟಿಗೆ ಹಾಕುವುದು ನಾವು ಇಟ್ಟುಕೊಂಡಿರುವ ನಿಯಮ. ಪಟ್ಟಿಯನ್ನು ಅಳಿಸಬಾರದು. ಆ ಊರಿನವರೇ ನೋಡಿ ತೀರ್ಮಾನಿಸಲಿ.

ಮಳೆಗಾಲಕ್ಕೆ ರೇಡಾರ್

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಆಪ್ಟಿಕಲ್ ಚಿತ್ರವನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಸೆಂಟಿನೆಲ್-1ರ ಸಿ-ಬ್ಯಾಂಡ್ ರೇಡಾರಿಗೆ, ಅಲೆಯುದ್ದ ಸುಮಾರು 5.6 ಸೆಂ.ಮೀ., ಮೋಡ ಅಡ್ಡಿಯಲ್ಲ. ಒಂದೊಂದು ಉಪಗ್ರಹ ಅದೇ ಹಾದಿಗೆ ಮರಳುವುದು 12 ದಿನಕ್ಕೊಮ್ಮೆ. ಇಳಿಹಾದಿಯ (ಉತ್ತರದಿಂದ ದಕ್ಷಿಣಕ್ಕೆ ಸಾಗುವಾಗಿನ) ಚಿತ್ರ ಬೆಳಿಗ್ಗೆ ಆರರ ಹೊತ್ತಿನದು, ಅಂದು ಮಧ್ಯಾಹ್ನ ಏರಿದ ಕಾವೇರಿ ಅದರಲ್ಲಿ ಇರುವುದಿಲ್ಲ. ನಕ್ಷೆಯ ಮೇಲೆ ದಿನಾಂಕದ ಜೊತೆಗೆ ಗಂಟೆಯನ್ನೂ ಭಾರತೀಯ ಸಮಯದಲ್ಲಿ ದೊಡ್ಡದಾಗಿ ಬರೆಯಬೇಕಾದದ್ದು ಇದಕ್ಕೇ.

ಸೆಂಟಿನೆಲ್ ಚಿತ್ರ ಸಂಸ್ಕರಿಸುವ ಸ್ನ್ಯಾಪ್ ತಂತ್ರಾಂಶದಲ್ಲಿ ಸರಪಳಿ ಹೀಗೆ ಸಾಗುತ್ತದೆ: ಕಕ್ಷೆಯ ಕಡತ (ಉಪಗ್ರಹ ಆಗ ಇದ್ದ ಜಾಗದ ಮಾಹಿತಿ), ಉಷ್ಣ ಶಬ್ದ ತೆಗೆಯುವುದು, ಅಂಚಿನ ಶಬ್ದ ತೆಗೆಯುವುದು, ಬೀಟಾ-ಸೊನ್ನೆ ಎಂಬ ಅಳತೆಗೆ ಮಾಪನಾಂಕ, ಭೂಆಕಾರದ ಸಮತಟ್ಟು, ಸ್ಪೆಕಲ್ (ರೇಡಾರ್ ಚಿತ್ರದ ಕಾಳುಕಾಳು ಕಲೆ) ಸೋಸುವಿಕೆ, ಕೊನೆಗೆ ಭೂಆಕಾರದ ತಿದ್ದುಪಡಿ. ಕಕ್ಷೆಯ ನಿಖರ ಕಡತ ಬರಲು 20 ದಿನ ಬೇಕು. ನೆರೆಯ ಕೆಲಸಕ್ಕೆ ಅಷ್ಟು ಕಾಯಲಾಗದು, ಕೆಲವೇ ಗಂಟೆಗಳಲ್ಲಿ ಸಿಗುವ ತಾತ್ಕಾಲಿಕ ಕಡತ ಸಾಕು. ಅದೂ ಸಿಗದಿದ್ದರೆ ಮುಂದುವರಿ ಎಂಬ ಆಯ್ಕೆಯನ್ನು ಒತ್ತಿಟ್ಟಿರಬೇಕು, ಇಲ್ಲವಾದರೆ ಸರಪಳಿ ಅಲ್ಲೇ ನಿಲ್ಲುತ್ತದೆ. ಜಾವಾಗೆ 16 ಜಿಬಿಯಲ್ಲಿ 11 ಜಿಬಿ ಕೊಟ್ಟು, ಜಿಲ್ಲೆಗಿಂತ ಎಲ್ಲ ಕಡೆಗೂ 10 ಕಿ.ಮೀ. ಹೆಚ್ಚಾಗಿ ಮೊದಲೇ ಕತ್ತರಿಸಿಕೊಂಡರೆ ಉಸಿರುಕಟ್ಟುವುದಿಲ್ಲ. ಎತ್ತರ ಮಾದರಿ ಇಳಿಯುವಾಗ ನೆಟ್ ಹೋದರೆ ಅರ್ಧ ಕಡತ ಗುಪ್ತ ಫೋಲ್ಡರಿನಲ್ಲಿ ಉಳಿದು, ಆಮೇಲೆ ಪ್ರತಿ ಸಲವೂ ಅದೇ ದೋಷ ಬರುತ್ತದೆ. ಆ ಕಡತ ಅಳಿಸಿದರೆ ಸರಿಹೋಗುತ್ತದೆ.

ಎತ್ತರ ಮಾದರಿಯನ್ನು ನಾವೇ ಕೊಟ್ಟರೆ ಇನ್ನೊಂದು ಬಲೆ. ಅದರಲ್ಲಿರುವ ಎತ್ತರ ಸಮುದ್ರಮಟ್ಟದಿಂದ, ರೇಡಾರ್ ಲೆಕ್ಕಕ್ಕೆ ಬೇಕಾದದ್ದು ಭೂಮಿಯ ಗಣಿತದ ಆಕಾರವಾದ ದೀರ್ಘಗೋಳದಿಂದ. ದಕ್ಷಿಣ ಭಾರತದಲ್ಲಿ ಇವೆರಡರ ಅಂತರ ಜಗತ್ತಿನಲ್ಲೇ ಹೆಚ್ಚಿರುವ ಕಡೆಗಳಲ್ಲೊಂದು, ನಮ್ಮಲ್ಲಿ ಸುಮಾರು 90 ಮೀಟರ್. ಈ ಅಂತರ ಸರಿಪಡಿಸುವ ಜಿಯಾಯ್ಡ್ ತಿದ್ದುಪಡಿಯ ಗುರುತು ಹಾಕಲು ಮರೆತರೆ, ರೇಡಾರ್ ಕಿರಣ 39 ಡಿಗ್ರಿಯಲ್ಲಿ ಬೀಳುವ ಕಡೆ ಚಿತ್ರ ಸುಮಾರು 110 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಹೊಳೆಯ ನೀರು ದಂಡೆಯ ಲೈನ್ ಮನೆಗಳ ಮೇಲೆ ಹರಿದಂತೆ ಕಾಣಲು ಇಷ್ಟು ಸಾಕು.

ಸ್ಪೆಕಲ್ ಸೋಸುವುದು ಡೆಸಿಬೆಲ್‌ಗೆ ತಿರುಗಿಸುವ ಮೊದಲೇ ಆಗಬೇಕು. ಡೆಸಿಬೆಲ್‌ಗಳ ಸರಾಸರಿ ನಿಜವಾದ ಸರಾಸರಿಗಿಂತ ಕಡಿಮೆ ಬರುತ್ತದೆ, ಒಣನೆಲವೂ ನೀರಿನ ಕಡೆಗೆ ವಾಲುತ್ತದೆ. ಹೋಲಿಸುವ ಎರಡು ಚಿತ್ರಗಳು ಒಂದೇ ಹಾದಿಸಂಖ್ಯೆಯವಾಗಿರಬೇಕು. ರೇಡಾರಿನ ಕಡೆಗೆ ಮುಖಮಾಡಿದ ಕಡಿದಾದ ಗುಡ್ಡಗಳು, ಇಳಿಹಾದಿಯಲ್ಲಿ ಮೂಡುಮುಖದವು, ಮುದುಡಿ ಹೊಳೆಯುತ್ತವೆ. ಅಂಥವನ್ನೂ ಕಂಡಿಲ್ಲ ಬಣ್ಣಕ್ಕೆ ಹಾಕಬೇಕು.

ನೆರೆಗೆ ವಿವಿ ಧ್ರುವೀಕರಣದಲ್ಲಿ (ಲಂಬವಾಗಿ ಕಳಿಸಿ ಲಂಬವಾಗಿಯೇ ಪಡೆದ ಅಲೆ) -16 ಡೆಸಿಬೆಲ್ ಸುತ್ತ ಮಿತಿ ಇಟ್ಟು, ಅದಕ್ಕಿಂತ ಕಡಿಮೆಯದನ್ನು ನೀರೆಂದು ಹಿಡಿದು ಆರಂಭಿಸಬಹುದು. ಆದರೆ ಕೊಡಗಿನಲ್ಲಿ ನಿಜವಾದ ಕಷ್ಟ ಮಿತಿಯದಲ್ಲ, ಗದ್ದೆಯದು. ಜುಲೈ-ಆಗಸ್ಟಿನಲ್ಲಿ ನಾಟಿಗೆ ನೀರು ಕಟ್ಟಿದ ಗದ್ದೆ ರೇಡಾರಿಗೆ ನೆರೆಯಂತೆಯೇ ಕಪ್ಪು. ಎತ್ತರ ನೋಡಿ ಬೇರ್ಪಡಿಸೋಣ ಎಂದರೆ ಎರಡೂ ಹೊಳೆಯ ಪಕ್ಕದ ತಗ್ಗಿನಲ್ಲೇ ಇವೆ. ಹಿಂದಿನ ಎರಡು ಮೂರು ವರ್ಷಗಳ ಅದೇ ವಾರಗಳಲ್ಲಿ ಕಪ್ಪಾಗಿದ್ದ ಜಾಗವನ್ನೆಲ್ಲ ಒಟ್ಟುಮಾಡಿ, ಅದನ್ನು ವಾಡಿಕೆಯ ನೀರು ಎಂದು ಬೇರೆ ಬಣ್ಣದಲ್ಲಿ ತೋರಿಸುವುದೇ ಈವರೆಗಿನ ಉತ್ತಮ ದಾರಿ. ಇನ್ನೊಂದು ಕಡೆ, ಕರಡಿಗೋಡು, ನೆಲ್ಲ್ಯಹುದಿಕೇರಿಯಂಥ ಹೊಳೆದಂಡೆಗಳಲ್ಲಿ ಮರದ ಕೆಳಗೆ ನಿಂತ ನೀರು ಸಿ-ಬ್ಯಾಂಡಿಗೆ ಕಾಣುವುದೇ ಇಲ್ಲ, ಎಲೆಯ ಮೇಲೇ ಅಲೆ ಚದುರುತ್ತದೆ. ನೆರಳುಮರದ ತೋಟವನ್ನು ರೇಡಾರ್ ನಕ್ಷೆಯಲ್ಲಿ ಎಂದೂ ನೀರಿಲ್ಲ ಎಂದು ತೋರಿಸಬಾರದು. 2025ರ ಜುಲೈ 30ರಂದು ಹಾರಿದ ಇಸ್ರೊ-ನಾಸಾದ ನೈಸಾರ್ ಉಪಗ್ರಹದ ಎಲ್-ಬ್ಯಾಂಡಿನ ಅಲೆಯುದ್ದ 24 ಸೆಂ.ಮೀ., ಮರದ ನೆತ್ತಿ ದಾಟಿ ಇಳಿಯುವ ಶಕ್ತಿ ಅದಕ್ಕೆ ಹೆಚ್ಚು. ಪೆಟ್ಟಿಗೆಯಲ್ಲಿ ಅದಕ್ಕೊಂದು ಸರಪಳಿ ಜೋಡಿಸಲು ಜಾಗ ಬಿಟ್ಟಿದೆ.

ಹಂಚುವುದು

10 ಮೀಟರಿನ ಮಾಹಿತಿಗೆ ವೆಬ್ ನಕ್ಷೆಯ ಝೂಮಿನ 14ನೇ ಹಂತವೇ ಕೊನೆ. ನಮ್ಮ ಅಕ್ಷಾಂಶದಲ್ಲಿ ಆ ಹಂತದ ಪಿಕ್ಸೆಲ್ 9.3 ಮೀಟರ್. ಅಲ್ಲಿಗೆ ಇಡೀ ಆಯತಕ್ಕೆ ಸುಮಾರು 1,600 ಟೈಲ್ (ನಕ್ಷೆಯ ಚಿಕ್ಕ ಚೌಕ ತುಣುಕು) ಆಗುತ್ತವೆ. 16ನೇ ಹಂತಕ್ಕೆ ಹೋದರೆ 16 ಪಟ್ಟು, ಹೊಸ ವಿವರ ಮಾತ್ರ ಒಂದೂ ಇಲ್ಲ. ಜೆಪೆಗ್‌ನಲ್ಲಿ ಪಾರದರ್ಶಕತೆ ಇಲ್ಲ, ಪಿಎನ್‌ಜಿ ಭಾರ, ವೆಬ್‌ಪಿ ಸರಿಯಾದ ನಡುದಾರಿ. ಟೈಲಿಗೆ 20 ಕೆಬಿ ಎಂದು ಹಿಡಿದರೂ ಎಲ್ಲ ಹಂತ ಸೇರಿ 45 ಎಂಬಿಯೊಳಗೆ ಮುಗಿಯುತ್ತದೆ.

ಪಿಎಂಟೈಲ್ಸ್ ರೂಪದಲ್ಲಿ ಎಲ್ಲ ಟೈಲೂ ಒಂದೇ ಕಡತ, ಬ್ರೌಸರ್ ಬೇಕಾದ ಬೈಟುಗಳನ್ನಷ್ಟೇ ಕೇಳಿ ಪಡೆಯುತ್ತದೆ. ಪೈಥಾನಿನ ಜೊತೆ ಬರುವ ಸರಳ ವೆಬ್ ಸರ್ವರ್ ತುಣುಕು ಬೈಟುಗಳ ವಿನಂತಿಯನ್ನು ಪಾಲಿಸುವುದಿಲ್ಲ, ಪ್ರತಿ ಸಲವೂ ಇಡೀ 45 ಎಂಬಿ ಕಳಿಸುತ್ತದೆ. ಎಂಜಿನ್‌ಎಕ್ಸ್ ವೆಬ್ ಸರ್ವರ್ ಬಳಸಿ, ಈ ಕಡತಕ್ಕೆ ಜಿಜಿಪ್ ಸಂಕುಚನವನ್ನು ನಿಲ್ಲಿಸಿಡಬೇಕು. ನೆಟ್ ಇಲ್ಲದ ಕಡೆಗೆ ಒಯ್ಯಲು ಎಂಬಿಟೈಲ್ಸ್ (ಟೈಲುಗಳನ್ನು ತುಂಬಿಡುವ ಇನ್ನೊಂದು ಕಡತ ರೂಪ) ಪ್ರತಿ ಮಾಡಿ ವೈಫೈಯಲ್ಲಿ ಮೊಬೈಲಿಗೆ ಹಾಕಿಕೊಡಬಹುದು. ಅದರಲ್ಲಿ ಸಾಲುಗಳ ಎಣಿಕೆ ಕೆಳಗಿನಿಂದ. ಮೇಲಿನಿಂದ ಎಣಿಸಿದ ಟೈಲುಗಳನ್ನು ಹಾಗೇ ತುಂಬಿದರೆ ಕೊಡಗು ಭೂಮಧ್ಯರೇಖೆಯ ಆಚೆ ಹಿಂದೂ ಮಹಾಸಾಗರದಲ್ಲಿ ಸಿಗುತ್ತದೆ.

ಊರಿನ ಹೆಸರುಗಳು ಕನ್ನಡದಲ್ಲೇ ಇರಬೇಕು. ಇಲ್ಲಿಯೂ ಒಂದು ತೊಡಕು: ಮ್ಯಾಪ್‌ಲಿಬ್ರೆಯಂಥ ವೆಕ್ಟರ್ ನಕ್ಷೆಯ ತಂತ್ರಾಂಶ ಅಕ್ಷರಗಳನ್ನು ಬಿಡಿಬಿಡಿಯಾಗಿ ಜೋಡಿಸುತ್ತದೆ, ಒತ್ತಕ್ಷರ ಕೂಡಿಸುವುದಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು ಮೂರೂ ಒಡೆದುಹೋಗುತ್ತವೆ. ಲೀಫ್‌ಲೆಟ್‌ನಲ್ಲಿ ಹೆಸರುಗಳನ್ನು ಎಚ್‌ಟಿಎಂಎಲ್ ಗುರುತುಗಳಾಗಿ ಹಾಕಿದರೆ ಬ್ರೌಸರೇ ಸರಿಯಾಗಿ ಬರೆಯುತ್ತದೆ. ಮುದ್ರಿಸುವ ಚಿತ್ರಕ್ಕೆ ಕ್ಯೂಜಿಐಎಸ್ ಮತ್ತು ನೋಟೊ ಸಾನ್ಸ್ ಕನ್ನಡ ಅಕ್ಷರ ಸರಿ.

ಹೆಚ್ಚಿನವರಿಗೆ ನಕ್ಷೆ ತಲುಪುವುದು ವಾಟ್ಸ್ಆ್ಯಪಿನಲ್ಲೇ. ಇಡೀ ಜಿಲ್ಲೆಯ ಒಂದು ಚಿತ್ರ ಕಳಿಸಿದರೆ, 1080 ಪಿಕ್ಸೆಲ್ ಅಗಲದ ಪರದೆಯಲ್ಲಿ ಒಂದು ಪಿಕ್ಸೆಲ್ 85 ಮೀಟರ್ ಆಗುತ್ತದೆ, ಸಣ್ಣ ಕುಸಿತಗಳು ಮಾಯ. 10 ಕಿ.ಮೀ. ಬದಿಯ ಹಾಳೆಗಳಾಗಿ ಕತ್ತರಿಸಿ, ಚಿತ್ರವಾಗಿ ಅಲ್ಲದೆ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಪ್ರತಿ ಹಾಳೆಯ ಮೇಲೂ ದಿನಾಂಕ, ಗಂಟೆ, ಮೂರು ಬಣ್ಣಗಳ ವಿವರ, ಹಾಳೆಯಲ್ಲಿ ಕಂಡಿಲ್ಲದ ಭಾಗ ಶೇಕಡಾ ಎಷ್ಟು ಎಂಬುದು, ಜೊತೆಗೆ ಕೋಪರ್ನಿಕಸ್ ಸೆಂಟಿನೆಲ್ ಮಾಹಿತಿಯನ್ನು ಮಾರ್ಪಡಿಸಿ ಬಳಸಿದೆ ಎಂಬ ಸಾಲು ಮತ್ತು ವರ್ಷ. ಆ ಸಾಲು ಪರವಾನಗಿಯ ಷರತ್ತು.

ಮೇ ತಿಂಗಳ ತಪಾಸಣೆ

ಪ್ರತಿ ವರ್ಷ ಮಳೆಗೆ ಮೊದಲು ಬ್ಯಾಟರಿಯನ್ನು ಚಾರ್ಜರಿಂದ ಬಿಡಿಸಿ ಪೆಟ್ಟಿಗೆಯನ್ನು 12 ಗಂಟೆ ಓಡಿಸಿ ನೋಡಬೇಕು, ಎಸ್3 ಕೀಲಿಯ ಅವಧಿ ನೋಡಬೇಕು, ಸಂಸ್ಕರಿಸಿ ಮುಗಿದ ಮೂಲ ಕಡತಗಳನ್ನು ಅಳಿಸಿ ಡಿಸ್ಕಿನಲ್ಲಿ ಕನಿಷ್ಠ 150 ಜಿಬಿ ಖಾಲಿ ಮಾಡಬೇಕು. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಬದಲಿಸಬೇಕು. ಮಳೆಗಾಲದಲ್ಲಿ ಯಂತ್ರವನ್ನು ಆರಿಸದಿರುವುದೇ ತೇವಕ್ಕೆ ಒಳ್ಳೆಯ ಮದ್ದು, ಒಳಗಿನ ಬಿಸಿ ಬೂಷ್ಟು ಹಿಡಿಯಲು ಬಿಡುವುದಿಲ್ಲ.

ಕೊನೆಗೆ ಇಡೀ ಸರಪಳಿಯನ್ನು 2017ರ ಡಿಸೆಂಬರ್ ಮತ್ತು 2018ರ ಡಿಸೆಂಬರಿನ ಚಿತ್ರಗಳ ಮೇಲೆ ಮತ್ತೊಮ್ಮೆ ಓಡಿಸಬೇಕು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು ಸುತ್ತಲಿನ ಗುಡ್ಡಗಳು ಜಾರಿದ ಗಾಯಗಳು ಅದರಲ್ಲಿ ಸ್ಪಷ್ಟವಾಗಿ ಮೂಡಬೇಕು. ಯಾವುದೋ ತಂತ್ರಾಂಶದ ಹೊಸ ಆವೃತ್ತಿ ಬಂದು ಅವು ಮೂಡದೇ ಹೋದರೆ, ಕಾರಣ ಸಿಗುವವರೆಗೆ ಆ ಪೆಟ್ಟಿಗೆಯಿಂದ ಒಂದು ಹಾಳೆಯನ್ನೂ ಹೊರಗೆ ಕಳಿಸುವಂತಿಲ್ಲ.